ಅಡ್ವಾಕ್ಕೆ ಹೊರಟ ನೂರಿಪ್ಪತ್ತು ಗೊಂಬೆಗಳು

ನನ್ನ ಕೆಲಸದ ಮೇಜಿನ ಮೂಲೆಯಲ್ಲಿ ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿಯೊಂದಿದೆ. ಅದರ ತುಂಬ ಪ್ಲಾಸ್ಟಿಕ್ಕಿನ ಈಟಿಗಳು. ಒಂದೊಂದೂ ಬೆಂಕಿಕಡ್ಡಿಯಷ್ಟೇ ಉದ್ದ, ದಪ್ಪ ಮಾತ್ರ ಅದರ ಅರ್ಧವೂ ಇಲ್ಲ. ಕಳೆದ ಎರಡು ವರ್ಷಗಳಲ್ಲಿ 1896ರ ಇಥಿಯೋಪಿಯದ ಸೈನ್ಯವೊಂದನ್ನು 28 ಮಿಲಿಮೀಟರ್ ಎತ್ತರದ ಮಿನಿಯೇಚರ್ ಗೊಂಬೆಗಳಲ್ಲಿ ಕಟ್ಟುತ್ತ ಹೋದಾಗ, ಪೆಟ್ಟಿಗೆಯಿಂದ ಹೊರಬಂದ ಸೈನಿಕರ ಕೈಯಿಂದ ನಾನು ಒಂದೊಂದಾಗಿ ಕತ್ತರಿಸಿ ತೆಗೆದ ಈಟಿಗಳಿವು. ಈ ಹವ್ಯಾಸದ ಮಾತು ಬಂದಾಗ ಎಲ್ಲರೂ ಬಣ್ಣದ ಬಗ್ಗೆ ಕೇಳುತ್ತಾರೆ. ನಾನಿಲ್ಲಿ ಹೆಚ್ಚಾಗಿ ಬರೆಯಹೊರಟಿರುವುದು ಬಣ್ಣಕ್ಕಿಂತ ಮೊದಲಿನ ಕೆಲಸದ ಬಗ್ಗೆ, ಅಂದರೆ ಯಾವ ಗೊಂಬೆಯನ್ನು ಆರಿಸಬೇಕು, ಆರಿಸಿದ್ದರಲ್ಲಿ ಏನನ್ನು ಕೆತ್ತಿ ಹಾಕಬೇಕು, ಏನನ್ನು ಹೊಸದಾಗಿ ಸೇರಿಸಬೇಕು ಎಂಬುದರ ಬಗ್ಗೆ.

ವಾರ್‌ಗೇಮಿಂಗ್ ಗೊತ್ತಿಲ್ಲದವರಿಗೆ ಎರಡು ಮಾತು. ಚದುರಂಗದ ಮಣೆಯ ಬದಲು ಗುಡ್ಡ, ಹಳ್ಳ, ಪೊದೆಗಳನ್ನು ಮಾಡಿಟ್ಟ ದೊಡ್ಡ ಮೇಜು; ಕಾಯಿಗಳ ಬದಲು ಬಣ್ಣ ಬಳಿದ ಪುಟ್ಟ ಸೈನಿಕರು; ಯಾರು ಎಷ್ಟು ದೂರ ನಡೆಯಬಹುದು, ಯಾರ ಗುಂಡು ಯಾರಿಗೆ ತಾಗಿತು ಎಂಬುದನ್ನು ಅಳತೆಪಟ್ಟಿಯೂ ದಾಳವೂ ನಿರ್ಧರಿಸುತ್ತವೆ. ಚಾರಿತ್ರಿಕ ವಾರ್‌ಗೇಮಿಂಗ್‌ನಲ್ಲಿ ಆ ಸೈನಿಕರು ನಿಜವಾಗಿ ನಡೆದ ಒಂದು ಯುದ್ಧದವರಾಗಿರಬೇಕು, ಅವರ ಉಡುಪು ಆಯುಧಗಳು ಆ ವರ್ಷದವೇ ಆಗಿರಬೇಕು ಎಂಬುದಷ್ಟೇ ಹೆಚ್ಚಿನ ಷರತ್ತು. ಹೇಳುವುದಕ್ಕೆ ಸುಲಭವಾದ ಷರತ್ತು ಅದು.

ನಾನು ಆರಿಸಿಕೊಂಡದ್ದು ಅಡ್ವಾ ಯುದ್ಧ. 1889ರ ವುಚಾಲೆ ಒಪ್ಪಂದದ 17ನೇ ವಿಧಿ ಅಮ್ಹಾರಿಕ್ ಪ್ರತಿಯಲ್ಲಿ ಒಂದು ರೀತಿ, ಇಟಾಲಿಯನ್ ಪ್ರತಿಯಲ್ಲಿ ಇನ್ನೊಂದು ರೀತಿ ಇತ್ತು. ಹೊರದೇಶಗಳ ಜೊತೆ ವ್ಯವಹರಿಸುವಾಗ ಚಕ್ರವರ್ತಿ ಮೆನೆಲಿಕ್ ಇಟಲಿಯ ನೆರವನ್ನು ಪಡೆಯಬಹುದು ಎಂದು ಒಂದು ಹೇಳಿದರೆ, ಪಡೆಯಲೇಬೇಕು ಎಂದು ಇನ್ನೊಂದು ಹೇಳಿತು. ಆ ಒಂದು ಕ್ರಿಯಾಪದದಿಂದ ಹುಟ್ಟಿದ ಜಗಳ 1896ರ ಮಾರ್ಚ್ 1ರಂದು ತಿಗ್ರಾಯ್ ಪ್ರಾಂತದ ಅಡ್ವಾ ಪಟ್ಟಣದ ಬಳಿಯ ಬೆಟ್ಟಗಳಲ್ಲಿ ತೀರ್ಮಾನವಾಯಿತು. ಜನರಲ್ ಬರಾತಿಯೇರಿಯ ಸುಮಾರು 17,700 ಸೈನಿಕರು ಹಿಂದಿನ ರಾತ್ರಿ ಬೇರೆ ಬೇರೆ ದಾರಿಗಳಲ್ಲಿ ಹೊರಟು ಕತ್ತಲೆಯಲ್ಲಿ ಒಬ್ಬರಿಂದೊಬ್ಬರು ದೂರವಾದರು. ಎದುರಿಗೆ ಮೆನೆಲಿಕ್, ರಾಣಿ ತೈತು, ರಾಸ್ (ದೊಡ್ಡ ಸರದಾರರ ಬಿರುದು) ಮಕೊನ್ನೆನ್, ರಾಸ್ ಅಲುಲಾ, ರಾಸ್ ಮಿಕಾಯೆಲ್ ಮೊದಲಾದವರ ಸುಮಾರು ಒಂದು ಲಕ್ಷ ಜನ ಇದ್ದರು. ಮಧ್ಯಾಹ್ನ ದಾಟುವ ಹೊತ್ತಿಗೆ ಇಟಲಿಯ ಸೈನ್ಯ ಮುರಿದುಬಿದ್ದಿತ್ತು.

ಪೂರ್ವ ಆಫ್ರಿಕವೇ ಬೇಕಿದ್ದರೆ ತಾಂಗಾವನ್ನು ಯಾಕೆ ಆರಿಸಲಿಲ್ಲ ಎಂದು ಆಟದ ಗೆಳೆಯರೊಬ್ಬರು ಕೇಳಿದ್ದುಂಟು. ಕೇಳಿದ್ದರಲ್ಲಿ ತಪ್ಪಿಲ್ಲ. 1914ರ ನವೆಂಬರಿನಲ್ಲಿ ಜರ್ಮನ್ ವಶದಲ್ಲಿದ್ದ ತಾಂಗಾ ಬಂದರಿನಲ್ಲಿ ಇಳಿದು, ತನಗಿಂತ ಬಹಳ ಸಣ್ಣ ಸೈನ್ಯದ ಕೈಯಲ್ಲೂ ಕೆರಳಿದ ಜೇನುಹುಳಗಳ ಕೈಯಲ್ಲೂ ಪೆಟ್ಟು ತಿಂದು ಮರಳಿ ಹಡಗು ಹತ್ತಿದ ಪಡೆಯಲ್ಲಿ 27ನೇ ಬೆಂಗಳೂರು ಬ್ರಿಗೇಡ್ ಕೂಡ ಇತ್ತು. ಆ ಯುದ್ಧಕ್ಕೆ ಬೇಕಾದ ಖಾಕಿ ತೊಟ್ಟ ಗೊಂಬೆಗಳು ಸಿದ್ಧವಾಗಿಯೇ ಸಿಗುತ್ತವೆ. ತಂದು, ಅಂಟಿಸಿ, ಬಣ್ಣ ಬಳಿದರಾಯಿತು. ಬಹುಶಃ ಅದೇ ಕಾರಣಕ್ಕೆ ನನಗೆ ಅದರಲ್ಲಿ ಕೈ ಆಡಲಿಲ್ಲ.

ಅಡ್ವಾಕ್ಕೆ ಮೊದಲು ಎದುರಾದ ಪ್ರಶ್ನೆ ಲೆಕ್ಕದ್ದು. ಇನ್ನೂರು ಜನರಿಗೆ ಒಂದು ಗೊಂಬೆ ಎಂದು ಹಿಡಿದರೂ ಇಥಿಯೋಪಿಯದ ಕಡೆಗೆ 500 ಗೊಂಬೆ ಬೇಕು, ಇಟಲಿಯ ಕಡೆಗೆ 88 ಸಾಕು. ಐನೂರನ್ನು ನಾನು ಈ ಜನ್ಮದಲ್ಲಿ ಮುಗಿಸಲಾರೆ ಎಂಬುದು ನನ್ನ ಮನೆಯವರಿಗೂ ಗೊತ್ತಿತ್ತು. ಆದ್ದರಿಂದ ಇಡೀ ಯುದ್ಧದ ಆಸೆ ಬಿಟ್ಟು, ಬೆಳಗಿನ ಜಾವದಲ್ಲಿ ಎಲ್ಲರಿಗಿಂತ ಮುಂದೆ ಹೋಗಿ ಸಿಕ್ಕಿಬಿದ್ದ ಇಟಲಿಯ ಜನರಲ್ ಅಲ್ಬೆರ್ತೋನೆಯ ಬ್ರಿಗೇಡಿನ ಕದನವನ್ನು ಮಾತ್ರ ತೆಗೆದುಕೊಂಡೆ. ಅದರಲ್ಲೂ ಒಂದು ಅಂಚನ್ನಷ್ಟೇ: ಮೂವರು ನಾಯಕರು, ಒಬ್ಬೊಬ್ಬರ ಬೆನ್ನಿಗೆ ಸುಮಾರು ನಲವತ್ತು ಜನ, ಒಟ್ಟು 120 ಗೊಂಬೆ. ಈ ವಿಂಗಡಣೆ ನನ್ನ ಅನುಕೂಲಕ್ಕೆ ಮಾಡಿಕೊಂಡದ್ದಾದರೂ ಚರಿತ್ರೆಗೆ ದೂರವಾದದ್ದಲ್ಲ. ಆ ಸೈನ್ಯದಲ್ಲಿ ಯುರೋಪಿನ ಮಾದರಿಯ ರೆಜಿಮೆಂಟುಗಳಾಗಲೀ ಏಕರೂಪದ ಸಮವಸ್ತ್ರವಾಗಲೀ ಇರಲಿಲ್ಲ. ಜನ ತಮ್ಮ ತಮ್ಮ ನಾಯಕನ ಹಿಂದೆ ಬರುತ್ತಿದ್ದರು, ನಾಯಕರು ಅವರಿಗಿಂತ ದೊಡ್ಡ ನಾಯಕನ ಹಿಂದೆ. ಬಿರುದುಗಳೇ ಸೈನ್ಯದ ವ್ಯೂಹವನ್ನು ಹೇಳುತ್ತವೆ: ಫಿತಾವ್ರಾರಿ ಎಂದರೆ ಮುಂಪಡೆಯ ನಾಯಕ, ಕೆನ್ಯಾಜ್ಮಾಚ್ ಬಲಬದಿಯವನು, ಗ್ರಾಜ್ಮಾಚ್ ಎಡಬದಿಯವನು. ನನ್ನ ಮೂರು ಗುಂಪುಗಳಿಗೆ ಈ ಮೂರು ಬಿರುದುಗಳನ್ನೇ ಹಂಚಿದೆ.

ಅಳತೆಯ ವಿಷಯದಲ್ಲಿ ಹೆಚ್ಚು ಯೋಚಿಸಲಿಲ್ಲ. 1/72 ಅಳತೆಯ ಗೊಂಬೆಗಳು ಅಗ್ಗ, ಆದರೆ ಅವುಗಳ ಮೆದು ಪ್ಲಾಸ್ಟಿಕ್ ಬ್ಲೇಡಿಗೆ ಸರಿಯಾಗಿ ಸಿಗುವುದಿಲ್ಲ, ಅರದಿಂದ ಉಜ್ಜಿದರೆ ನೂಲುನೂಲಾಗಿ ಏಳುತ್ತದೆ, ಅಂಟೂ ಹಿಡಿಯುವುದಿಲ್ಲ. ಲೋಹದ ಗೊಂಬೆಗಳು ನೋಡಲು ಚೆನ್ನ. ಆದರೆ ಒಂದು ತೋಳು ಬದಲಿಸಬೇಕಾದರೆ ಗರಗಸ, ಕೈ ಡ್ರಿಲ್, ಒಳಗೆ ಕೂರಿಸಲು ಹಿತ್ತಾಳೆ ತಂತಿ ಇಷ್ಟೂ ಬೇಕು. ತೋಳು, ತಲೆ, ಆಯುಧಗಳು ಬಿಡಿಬಿಡಿಯಾಗಿ ಬರುವ 28 ಮಿಲಿಮೀಟರಿನ ಗಟ್ಟಿ ಪ್ಲಾಸ್ಟಿಕ್ ಗೊಂಬೆಗಳೇ ಬದಲಾವಣೆಯ ಕೆಲಸಕ್ಕೆ ತಕ್ಕವು. ಲೋಹದವನ್ನು ನಾಯಕರಿಗೆ ಮಾತ್ರ ಇಟ್ಟುಕೊಂಡೆ.

ತೊಡಕು ಶುರುವಾದದ್ದು ಇಲ್ಲಿಂದಲೇ. ಬಿಡಿ ತೋಳುಗಳ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಇಥಿಯೋಪಿಯಕ್ಕೆ ಹತ್ತಿರವಾಗಿ ನನ್ನ ಕೈಗೆ ಸಿಕ್ಕಿದ್ದು ಸೂಡಾನಿನ ಧಾರ್ಮಿಕ ನಾಯಕ ಮಹ್ದಿಯ ಅನುಯಾಯಿಗಳ ಪೆಟ್ಟಿಗೆ. ಕಾಲವೂ ಹೊಂದುತ್ತದೆ, ಮೈಕಟ್ಟೂ ಹೊಂದುತ್ತದೆ. ಆದರೆ ಇವರು ಇಥಿಯೋಪಿಯದವರ ಶತ್ರುಗಳು! 1889ರ ಮಾರ್ಚಿನಲ್ಲಿ ಮೆತೆಮ್ಮಾದಲ್ಲಿ ಇದೇ ಮಹ್ದಿಯ ಪಡೆಯೊಂದಿಗೆ ಕಾದಾಡುತ್ತ ಗಾಯಗೊಂಡು ಮೆನೆಲಿಕ್‌ಗಿಂತ ಮೊದಲಿನ ಚಕ್ರವರ್ತಿ ನಾಲ್ಕನೇ ಯೋಹಾನ್ನಿಸ್ ತೀರಿಕೊಂಡದ್ದು. ಆ ಪಡೆಯವರು ತೊಡುತ್ತಿದ್ದ ಜಿಬ್ಬಾ ಎಂಬ ಅಂಗಿಯ ಮೇಲಿನ ಚೌಕ ತೇಪೆಗಳು ಬಡತನದ ವ್ರತವನ್ನೂ ಮಹ್ದಿಯಲ್ಲಿನ ನಿಷ್ಠೆಯನ್ನೂ ಸಾರುವ ಗುರುತು. ಅಂಥ ಗುರುತನ್ನು ಹಾಗೇ ಬಿಟ್ಟು, ಕ್ರೈಸ್ತ ಚಕ್ರವರ್ತಿಯ ಸೈನಿಕನೆಂದು ಬಣ್ಣ ಬಳಿದು ನಿಲ್ಲಿಸಿದರೆ ಎರಡು ಅಡಿ ದೂರದಿಂದ ಯಾರಿಗೂ ತಿಳಿಯುವುದಿಲ್ಲ, ನಿಜ. ನನಗೆ ತಿಳಿಯುತ್ತದಲ್ಲ.

ಹಾಗಾಗಿ ಮೊದಲ ಎರಡು ತಿಂಗಳು ನಾನು ಮಾಡಿದ್ದು ತೇಪೆ ಕೆರೆಯುವ ಕೆಲಸ. ಬ್ಲೇಡನ್ನು ಓರೆಯಾಗಿ ಮಲಗಿಸಿ, ಕ್ಯಾರೆಟ್ಟಿನ ಸಿಪ್ಪೆ ಹೆರೆಯುವ ಹಾಗೆ ತನ್ನ ಕಡೆಗೆ ಎಳೆಯಬೇಕು. ಒತ್ತಿದರೆ ಬಟ್ಟೆಯ ನೆರಿಗೆಯೂ ಹೋಗುತ್ತದೆ, ಒತ್ತದಿದ್ದರೆ ತೇಪೆಯ ಅಂಚು ಉಳಿಯುತ್ತದೆ. ಹೆರೆದ ಮೇಲೆ ಪ್ಲಾಸ್ಟಿಕ್ ಅಂಟನ್ನು ಸಣ್ಣ ಕುಂಚದಿಂದ ಒಮ್ಮೆ ಸವರಿದರೆ ಮೇಲ್ಮೈ ತುಸು ಕರಗಿ ಗೆರೆಗಳು ಮಾಯವಾಗುತ್ತವೆ. ಒಂದು ಗೊಂಬೆಗೆ ಇಪ್ಪತ್ತು ನಿಮಿಷ. ನಲವತ್ತನೆಯದರ ಹೊತ್ತಿಗೆ ಒಂದು ಬುದ್ಧಿ ಬಂತು: ಹೇಗೂ ಎದೆ ಹೆಗಲುಗಳ ಮೇಲೆ ಶಮ್ಮಾ ಹೊದಿಸುತ್ತೇನೆ, ಅದರಡಿ ಮುಚ್ಚಿಹೋಗುವ ತೇಪೆಗಳನ್ನು ಯಾಕೆ ಕೆರೆಯುತ್ತಿದ್ದೇನೆ?

ಶಮ್ಮಾ ಎಂದರೆ ಇಥಿಯೋಪಿಯದವರು ಮೈಮೇಲೆ ಹೊದೆಯುವ ಬಿಳಿಯ ಹತ್ತಿಯ ಉದ್ದನೆ ವಸ್ತ್ರ. ಗೌರವ ಪಡೆದವರದ್ದಕ್ಕೆ ಅಗಲವಾದ ಕೆಂಪು ಪಟ್ಟಿಯಿರುತ್ತದೆ. ಅದು ಹೆಗಲಿನಿಂದ ಇಳಿದು, ಬೆನ್ನು ಬಳಸಿ, ಮತ್ತೆ ಹೆಗಲೇರುವಾಗ ನೆರಿಗೆಗಳು ಎಲ್ಲಿ ಕೂಡುತ್ತವೆ, ಎಲ್ಲಿ ಬಿಡುತ್ತವೆ ಎಂಬುದು ಹಳೆಯ ಫೋಟೊಗಳಲ್ಲಿ ಸ್ಪಷ್ಟವಾಗಿ ಕಾಣುವುದಿಲ್ಲ. ಕೊನೆಗೆ ನಾನೇ ಒಂದು ಪಂಚೆಯನ್ನು ಹಾಗೆ ಹೊದ್ದು ಕನ್ನಡಿಯ ಮುಂದೆ, ಕೈಯಲ್ಲಿ ಕೊಡೆಯನ್ನು ಬಂದೂಕಿನಂತೆ ಹಿಡಿದು ನಿಂತೆ. ಬಂದೂಕಿನಿಂದ ಗುರಿಯಿಡಲು ಬಲಗೈ ಎತ್ತಿದ ಕೂಡಲೇ ಬಟ್ಟೆ ಜಾರುತ್ತದೆ. ಆದ್ದರಿಂದ ಹೋರಾಡುವವನು ಅದನ್ನು ಸೊಂಟಕ್ಕೆ ಬಿಗಿದು ಕಟ್ಟಿಕೊಳ್ಳಲೇಬೇಕು, ಅಥವಾ ಎಡಹೆಗಲಿನ ಮೇಲೆ ಸುತ್ತಿ ಬಿಡಬೇಕು ಎಂಬುದು ಪುಸ್ತಕದಿಂದಲ್ಲ, ಆ ಪಂಚೆಯಿಂದ ತಿಳಿದದ್ದು. ಬಾಗಿಲಲ್ಲಿ ನಿಂತಿದ್ದ ಅಮ್ಮ ಏನೂ ಕೇಳದೆ ಒಳಗೆ ಹೋದರು.

ಹೊದಿಕೆಗೆ ಎರಡು ವಿಧಾನಗಳನ್ನು ನೋಡಿದೆ. ಗ್ರೀನ್ ಸ್ಟಫ್ ಎಂಬ ಎರಡು ಪಾಲಿನ ಮೇಣವನ್ನು ಕಲಸಿ, ಪೌಡರ್ ಉದುರಿಸಿದ ಗಾಜಿನ ಮೇಲೆ ಹಪ್ಪಳದಂತೆ ಲಟ್ಟಿಸಿ, ಅರ್ಧ ಗಂಟೆ ಬಿಟ್ಟು ಪಟ್ಟಿ ಕತ್ತರಿಸಿ ಹೊದಿಸುವುದು ಒಂದು. ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅದ್ದಿದ ಟಿಶ್ಯೂ ಕಾಗದವನ್ನು ಹೊದಿಸಿ, ಒದ್ದೆಯಿರುವಾಗಲೇ ಸೂಜಿಯಿಂದ ನೆರಿಗೆ ತೀಡುವುದು ಇನ್ನೊಂದು. ಮೊದಲನೆಯದು ಗಟ್ಟಿ, ದುಬಾರಿ, ತುಸು ದಪ್ಪ. ಎರಡನೆಯದು ನಿಜವಾದ ಬಟ್ಟೆಯಂತೆಯೇ ಬೀಳುತ್ತದೆ. ನನ್ನ ಸೈನ್ಯದ ಮುಕ್ಕಾಲು ಪಾಲು ಕಾಗದವನ್ನೇ ಹೊದ್ದಿದೆ. ಗುರಾಣಿಗಳಿಗೆ ಮಾತ್ರ ಎಂ-ಸೀಲ್ ಬಳಸಿದೆ. ಬೇಗ ಗಟ್ಟಿಯಾಗುವುದು ಬಟ್ಟೆಗೆ ಅವಗುಣ, ಗುರಾಣಿಗೆ ಗುಣ. ಇಥಿಯೋಪಿಯದ ಗುರಾಣಿ ದುಂಡಗೆ, ಉಬ್ಬಾಗಿ, ತೊಗಲಿನದು. ಒಣ ಬಟಾಣಿಯೊಂದಕ್ಕೆ ಎಣ್ಣೆ ಸವರಿ, ಅದರ ನೆತ್ತಿಯ ಮೇಲೆ ಎಂ-ಸೀಲ್‌ನ ತೆಳು ಬಿಲ್ಲೆಯನ್ನು ಒತ್ತಿ, ಗಟ್ಟಿಯಾದ ಮೇಲೆ ಬಿಡಿಸಿ ಅಂಚು ಉಜ್ಜಿದರೆ ಅಳತೆ ಸರಿಯಾಗಿ ಬರುತ್ತದೆ. ಅಡುಗೆಮನೆಯಿಂದ ಕದ್ದ ಬಟಾಣಿ ಆರು.

ಇನ್ನು ಬಂದೂಕಿನ ಮಾತು. ಇಡೀ ಕೆಲಸದ ತಿರುಳು ಇದೇ ಎಂದು ನನಗೆ ಅನ್ನಿಸಿದೆ. ಆಫ್ರಿಕದ ಸೈನ್ಯವೆಂದರೆ ಈಟಿ ಹಿಡಿದು ಗುಂಪಾಗಿ ಓಡಿಬರುವವರು ಎಂಬ ಕಲ್ಪನೆ ಗೊಂಬೆ ಮಾಡುವವರಿಗೂ ನಿಯಮ ಬರೆಯುವವರಿಗೂ ಎಷ್ಟು ಅಭ್ಯಾಸವಾಗಿದೆಯೆಂದರೆ, ಪೆಟ್ಟಿಗೆ ತೆರೆದರೆ ಈಟಿಗಳ ರಾಶಿಯ ನಡುವೆ ಬಂದೂಕನ್ನು ಹುಡುಕಬೇಕು. ಅಡ್ವಾದಲ್ಲಿ ಮೆನೆಲಿಕ್‌ನ ಒಂದು ಲಕ್ಷದಲ್ಲಿ ಮುಕ್ಕಾಲು ಪಾಲಿನಷ್ಟು ಜನರ ಕೈಯಲ್ಲಿ ಬಂದೂಕುಗಳಿದ್ದವು, ಜೊತೆಗೆ ಹಾಚ್‌ಕಿಸ್ ತೋಪುಗಳೂ ಸೇರಿ ಸುಮಾರು 40 ಫಿರಂಗಿಗಳು. ಆ ಬಂದೂಕುಗಳ ಹಿಂದೆ ಇಪ್ಪತ್ತು ವರ್ಷಗಳ ಸಂಗ್ರಹವಿದೆ. 1875ರಲ್ಲಿ ಗುಂಡೆಟ್‌ನಲ್ಲಿ, 1876ರಲ್ಲಿ ಗುರಾದಲ್ಲಿ ಸೋತ ಈಜಿಪ್ಟಿನ ಸೈನ್ಯ ಬಿಟ್ಟುಹೋದ ರೆಮಿಂಗ್ಟನ್‌ಗಳು, ಫ್ರಾನ್ಸಿನ ಗ್ರಾ, ರಷ್ಯದ ಬೆರ್ಡಾನ್, ಸ್ನೇಹವಿದ್ದ ಕಾಲದಲ್ಲಿ ಇಟಲಿಯೇ ಕೊಟ್ಟ ವೆಟೆರ್ಲಿಗಳು, ಕೆಂಪು ಸಮುದ್ರದ ದಂಡೆಯ ವ್ಯಾಪಾರಿಗಳು ಒಂಟೆಗಳ ಮೇಲೆ ಹೇರಿ ತಂದ ಹಳೆಯ ಸರಕು. ಕವಿತೆ ಬರೆಯುವುದನ್ನು ಬಿಟ್ಟು ಇತ್ತ ಬಂದಿದ್ದ ಫ್ರಾನ್ಸಿನ ರ‍್ಯಾಂಬೊ ಕೂಡ 1887ರಲ್ಲಿ ಮೆನೆಲಿಕ್‌ಗೆ ಬಂದೂಕು ಮಾರಲು ಅವನ ರಾಜ್ಯವಾದ ಶೆವಾದವರೆಗೆ ಬಂದಿದ್ದ.

ಹಾಗಾಗಿ ನನ್ನ 120ರಲ್ಲಿ 90 ಗೊಂಬೆಗಳಿಗೆ ಬಂದೂಕು ಬೇಕೇ ಬೇಕಿತ್ತು. ಅದೇ ಕಾಲದ ಬ್ರಿಟಿಷ್ ಸೈನಿಕರ ಪೆಟ್ಟಿಗೆಗಳಿಂದ ಉಳಿದ ತೋಳುಗಳನ್ನು ಗೆಳೆಯರಿಂದ ಬೇಡಿ ತಂದೆ. ಆ ತೋಳುಗಳ ಮೇಲೆ ಕೋಟಿನ ತೋಳಿದೆ, ಮಣಿಕಟ್ಟಿನಲ್ಲಿ ಮಡಿಕೆಯಿದೆ. ಬಂದೂಕಿನ ಮೇಲಿರುವ ಬೆರಳುಗಳಿಗೆ ಏಟು ತಾಗದಂತೆ ಮಡಿಕೆಯನ್ನು ಹೆರೆದು, ಮೊಣಕೈವರೆಗೆ ತೋಳನ್ನು ದುಂಡಗೆ ಸವೆಸಿ, ಬರಿಗೈ ಮಾಡಬೇಕು. ಮಹ್ದಿಯ ಸೈನಿಕನ ಹೆಗಲಿಗೆ ಬ್ರಿಟಿಷ್ ಸಿಪಾಯಿಯ ಮುಂಗೈ, ಎರಡರ ಸಂದಿಗೆ ಮೇಣ, ಮೇಲೆ ಕಾಗದದ ಶಮ್ಮಾ: ಹೀಗೆ ಒಬ್ಬ ಇಥಿಯೋಪಿಯದವನು ತಯಾರಾಗುತ್ತಾನೆ. ಬಂದೂಕು ಬ್ರಿಟಿಷರ ಮಾರ್ಟಿನಿಯೋ ರೆಮಿಂಗ್ಟನ್ನೋ ಎಂಬುದು ಈ ಅಳತೆಯಲ್ಲಿ ಕುದುರೆಯ ಕೆಳಗಿನ ಸನ್ನೆಯೊಂದರಿಂದ ಮಾತ್ರ ಗೊತ್ತಾಗುತ್ತದೆ. ಮಾರ್ಟಿನಿಯ ಸನ್ನೆ ಕತ್ತರಿಸಿ, ಮೇಲೆ ಮೇಣದ ಎರಡು ಚುಕ್ಕೆ ಇಟ್ಟರೆ ರೆಮಿಂಗ್ಟನ್ ಆಗುತ್ತದೆ. ಮೂವತ್ತಕ್ಕೆ ಹೀಗೆ ಮಾಡಿದೆ. ಉಳಿದವನ್ನು ಶಮ್ಮಾದ ತುದಿಯಿಂದ ಮುಚ್ಚಿದ್ದೇನೆ, ಸೋಮಾರಿತನವೆನ್ನಿ.

ಕತ್ತಿಯಲ್ಲಿ ಎಡವಿದೆ. ಕುಡುಗೋಲಿನಂತೆ ಬಾಗಿದ ಶೋತೆಲ್ ಕತ್ತಿಗಳನ್ನು ತಂತಿ ಬಡಿದು ಮಾಡಿ, ಒರೆಗಳನ್ನು ಎಲ್ಲ ಸೈನ್ಯಗಳಲ್ಲಿಯಂತೆ ಎಡ ಸೊಂಟಕ್ಕೆ ಅಂಟಿಸಿಬಿಟ್ಟಿದ್ದೆ. ಒಂದು ರಾತ್ರಿ ಆ ಕಾಲದ ಫೋಟೊಗಳನ್ನು ಇನ್ನೊಮ್ಮೆ ತಿರುವಿಹಾಕುವಾಗ ಎಲ್ಲರ ಕತ್ತಿಯೂ ಬಲಬದಿಗಿರುವುದು ಕಂಡಿತು. ಫೋಟೊ ಉಲ್ಟಾ ಅಚ್ಚಾಗಿರಬಹುದೆಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಒಂದು ಫೋಟೊ ಉಲ್ಟಾ ಆಗಬಹುದು, ಎಲ್ಲವೂ ಆಗಲಾರವು. ಇಥಿಯೋಪಿಯದವರು ಕತ್ತಿಯನ್ನು ಬಲಬದಿಗೇ ಕಟ್ಟುತ್ತಿದ್ದರು. ಇಪ್ಪತ್ತೆರಡು ಒರೆಗಳನ್ನು ಕಿತ್ತು ಬದಲಿಸಿದೆ.

ನಾಯಕರ ಕೆಲಸ ಮಾತ್ರ ಹಬ್ಬದಂತೆ ಸಾಗಿತು. ಹೆಗಲಿನಿಂದ ನಾಲಗೆಗಳಂತೆ ಪಟ್ಟಿಗಳು ಇಳಿಬಿದ್ದ ಲೆಮ್ದ್ ಎಂಬ ಮೇಲುಹೊದಿಕೆ, ತಲೆಯ ಸುತ್ತ ಸಿಂಹದ ಕೇಸರ, ಬೆಳ್ಳಿಯ ಕೆಲಸದ ಗುರಾಣಿ. ಕೇಸರಕ್ಕೆ ಮೇಣವನ್ನು ಒತ್ತಿ ಸೂಜಿಯಿಂದ ಹೊರಮುಖವಾಗಿ ಗೀರುತ್ತ ಹೋಗಬೇಕು. ಒಂದೇ ದಿಕ್ಕಿಗೆ ಗೀರಿದರೆ ಪೊರಕೆಯಂತೆ ಕಾಣುತ್ತದೆ. ಮೆನೆಲಿಕ್ ನನ್ನ ಕದನದಂಚಿನಲ್ಲಿ ಇರಬೇಕಾದವನಲ್ಲ, ಆದರೂ ಮಾಡಿದೆ: ತಲೆಗೆ ಬಿಗಿದ ಬಿಳಿ ವಸ್ತ್ರ, ಅದರ ಮೇಲೆ ಅಗಲ ಅಂಚಿನ ಕಪ್ಪು ಹ್ಯಾಟು. ಯಾರೋ ದನಗಾಹಿ ಸವಾರನ ಲೋಹದ ಗೊಂಬೆಯಿಂದ ಆ ಹ್ಯಾಟು ಬಂತು.

ತೈತುವಿಗೆ ಗೊಂಬೆ ಸಿಗಲೇ ಇಲ್ಲ. ಇಟಾಲಿಯನ್ನರು ಹಿಡಿದಿದ್ದ ಮೆಕೆಲೆ ಕೋಟೆಯ ಮುತ್ತಿಗೆಯಲ್ಲಿ ನೀರಿನ ಸೆಲೆಯನ್ನು ಹಿಡಿದು ಒಳಗಿನವರನ್ನು ಮಣಿಸುವ ಉಪಾಯ ಆಕೆಯದು. ಅಡ್ವಾದಲ್ಲಿ ತನ್ನದೇ ಪಡೆಯನ್ನು ನಡೆಸಿದ್ದಲ್ಲದೆ, ಹೆಂಗಸರಿಂದ ಕಾದಾಡುವವರಿಗೂ ಗಾಯಾಳುಗಳಿಗೂ ನೀರು ಹೊರಿಸಿದವಳು. ಆ ನೀರು ಹೊರುವ ಹೆಂಗಸರನ್ನಾದರೂ ಮಾಡೋಣವೆಂದು ತಲೆಯ ಮೇಲೆ ಕೊಡವಿರುವ ನಾಲ್ಕು ಹಳ್ಳಿ ಹೆಂಗಸರ ಗೊಂಬೆಗಳನ್ನು ತಂದೆ. ನಮ್ಮ ಕಣ್ಣಿಗೆ ಕೊಡ ತಲೆಯ ಮೇಲೋ ಸೊಂಟದ ಮೇಲೋ ಇದ್ದರೆ ಸಹಜ. ಇಥಿಯೋಪಿಯದಲ್ಲಿ ಇನ್ಸೆರಾ ಎಂಬ ಮಣ್ಣಿನ ಕೊಡವನ್ನು ಹಗ್ಗ ಬಿಗಿದು ಬೆನ್ನಿನ ಮೇಲೆ ಹೊರುತ್ತಾರೆ. ನಾಲ್ಕೂ ಕೊಡಗಳನ್ನು ಇಳಿಸಿ, ಎತ್ತಿದ್ದ ಕೈಗಳನ್ನು ಕತ್ತರಿಸಿ ಹಗ್ಗ ಹಿಡಿಯುವಂತೆ ಎದೆಯ ಕಡೆಗೆ ತಿರುಗಿಸಿ, ಬೆನ್ನನ್ನು ಬಿಸಿನೀರಿನಲ್ಲಿ ಅದ್ದಿ ಸ್ವಲ್ಪ ಬಗ್ಗಿಸಿದೆ. ಇಡೀ ಸೈನ್ಯದಲ್ಲಿ ನನಗೆ ಅತ್ಯಂತ ಇಷ್ಟವಾದ ಗುಂಪು ಇದು.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲವೆಂದೆ, ಆದರೆ ಎರಡು ಸಂಗತಿ ಬಿಡಲಾಗದು. ಶಮ್ಮಾ ಬಿಳಿಯೆಂದು ಬಿಳಿಯನ್ನೇ ಬಳಿದರೆ ಗೊಂಬೆ ಸುಣ್ಣ ಹೊಡೆದ ಗೋಡೆಯಾಗುತ್ತದೆ. ವಾರಗಟ್ಟಲೆ ನಡೆದು ಬಂದವರ ಬಟ್ಟೆ ಕೋರಾ ಬಟ್ಟೆಯ ಬಣ್ಣದ್ದು. ಮಣ್ಣಿನ ಬಣ್ಣದಿಂದ ಶುರುಮಾಡಿ, ಬೂದು ಕಲಸಿದ ಹಳದಿಗೆ ಬಂದು, ನೆರಿಗೆಯ ಅಂಚಿನಲ್ಲಿ ಮಾತ್ರ ಬಿಳಿ ಮುಟ್ಟಿಸಬೇಕು. ಎರಡನೆಯದು ಮೈಬಣ್ಣ. ಎಲ್ಲರಿಗೂ ಒಂದೇ ಕಡುಗಂದು ಬಳಿದು ಮುಗಿಸುವುದು ಈ ಹವ್ಯಾಸದ ಹಳೆಯ ಚಾಳಿ. ನನಗೆ ಇಲ್ಲಿ ದಾರಿ ತೋರಿಸಿದ್ದು ನಮ್ಮ ವಿಜಯಪುರದ ಚಿಕಣಿ ಚಿತ್ರಕಾರರು. ಆದಿಲ್‌ಶಾಹಿ ದರ್ಬಾರಿನ ಇಖ್ಲಾಸ್ ಖಾನ್ ಹಬಶಿ, ಅಂದರೆ ಇದೇ ಅಬಿಸೀನಿಯದ (ಇಥಿಯೋಪಿಯದ ಹಳೆಯ ಹೆಸರು) ಮೂಲದವನು. ಅವನ ಚಿತ್ರಗಳಲ್ಲಿ ಮುಖದ ಕಪ್ಪಿನ ಒಳಗೆ ಕೆಂಪಿನ ಬಿಸುಪು ಇರುವುದನ್ನು ನೋಡಿದ ಮೇಲೆ, ನನ್ನ ಕಂದು ಬಣ್ಣಗಳಿಗೆ ಇಟ್ಟಿಗೆಯ ಕೆಂಪನ್ನು ಬೆರೆಸಿ ಐದು ಬೇರೆ ಬೇರೆ ಮಿಶ್ರಣಗಳನ್ನು ಮಾಡಿಕೊಂಡೆ. ಇಥಿಯೋಪಿಯದ ಸಾಂಪ್ರದಾಯಿಕ ಚಿತ್ರಗಳಿಂದಲೂ ಒಂದನ್ನು ಎರವಲು ಪಡೆದೆ. ಅಡ್ವಾವನ್ನು ಬರೆದ ಅಲ್ಲಿನ ಚಿತ್ರಗಳಲ್ಲಿ ತಮ್ಮವರ ಮುಖ ಎರಡೂ ಕಣ್ಣು ಕಾಣುವಂತೆ ಎದುರಿಗಿರುತ್ತದೆ, ಶತ್ರುವಿನದು ಒಂದೇ ಕಣ್ಣು ಕಾಣುವಂತೆ ಪಕ್ಕಕ್ಕೆ ತಿರುಗಿರುತ್ತದೆ. ಮೇಲೆ ಆಕಾಶದಲ್ಲಿ ಕುದುರೆಯೇರಿದ ಸಂತ ಜಾರ್ಜ್. ನನ್ನ ನಾಯಕರ ತಲೆಗಳನ್ನು ನೇರ ಮುಂದಕ್ಕೆ ಅಂಟಿಸಿದೆ. ಯಾರೂ ಗಮನಿಸಿಲ್ಲ.

ಬಾವುಟದಲ್ಲಿ ಇನ್ನೊಂದು ಎಚ್ಚರ. ಇಂದಿನ ಹಸಿರು-ಹಳದಿ-ಕೆಂಪಿನ ಆಯತ ಧ್ವಜವನ್ನು ಅಡ್ವಾಕ್ಕೆ ಕೊಡಬಾರದು. ಮೂರು ಬಣ್ಣಗಳನ್ನು ಒಂದೇ ಆಯತದಲ್ಲಿ ಸೇರಿಸಿದ್ದು ಯುದ್ಧದ ಮರುವರ್ಷ, 1897ರಲ್ಲಿ. ಅದಕ್ಕೆ ಮೊದಲು ಬಿಡಿ ಬಿಡಿ ತ್ರಿಕೋನ ಪತಾಕೆಗಳು. ಶಿವಮೊಗ್ಗದ ಜುಲೈ ಮಳೆಯಲ್ಲಿ ವಾರ್ನಿಶ್ ಸಿಂಪಡಿಸಿ ಮೂವತ್ತು ಗೊಂಬೆಗಳ ಮೇಲೆ ಬೂಷ್ಟು ಬಂದಂತೆ ಬಿಳಿ ಪೊರೆ ಕಟ್ಟಿಸಿದ ಕಥೆಯನ್ನು ಇಲ್ಲಿ ಬೆಳೆಸುವುದಿಲ್ಲ; ಹೊಳಪಿನ ವಾರ್ನಿಶ್ಶನ್ನು ಕುಂಚದಿಂದ ಬಳಿದಾಗ ಬಹುಮಟ್ಟಿಗೆ ಹೋಯಿತು.

ಎದುರು ಪಕ್ಷವನ್ನು ಕಟ್ಟುವಾಗ ಕೈ ತಡೆಯಿತು. ಅಲ್ಬೆರ್ತೋನೆಯ ಬ್ರಿಗೇಡಿನ ಸುಮಾರು 4,000 ಜನರಲ್ಲಿ ಬಹುಪಾಲು ಎರಿಟ್ರಿಯದ ಅಸ್ಕರಿಗಳು, ಅಂದರೆ ಇಟಲಿಯ ಸೈನ್ಯಕ್ಕೆ ಸೇರಿದ ಅಲ್ಲಿನ ಸ್ಥಳೀಯರು: ಎತ್ತರದ ಕೆಂಪು ಟೋಪಿ, ಬೆಟಾಲಿಯನ್ನಿಗೊಂದು ಬಣ್ಣದ ಕುಚ್ಚು, ಅದೇ ಬಣ್ಣದ ನಡುಪಟ್ಟಿ, ಬಿಳಿಯ ಉಡುಪು, ಬರಿಗಾಲು. ಅವರಿಗೂ ನಾನು ಬಳಸಿದ್ದು ಅದೇ ಪೆಟ್ಟಿಗೆಯ ಮೈಗಳನ್ನು, ಅದೇ ಐದು ಮೈಬಣ್ಣಗಳನ್ನು. ಗಡಿಯ ಆಚೆ ಈಚೆ ಒಂದೇ ಭಾಷೆಯಾಡುತ್ತಿದ್ದವರು ಇವರಲ್ಲಿ ಎಷ್ಟೋ ಜನ. ಸೆರೆಸಿಕ್ಕ ಇಟಾಲಿಯನ್ನರನ್ನು ಮುಂದೆ ಊರಿಗೆ ಕಳುಹಿಸಲಾಯಿತು. ಸೆರೆಸಿಕ್ಕ ನೂರಾರು ಅಸ್ಕರಿಗಳ ಬಲಗೈಯನ್ನೂ ಎಡಗಾಲನ್ನೂ ದ್ರೋಹದ ಶಿಕ್ಷೆಯೆಂದು ಕತ್ತರಿಸಲಾಯಿತು. ಗೊಂಬೆಯ ತೋಳು ಕತ್ತರಿಸಿ ಬದಲಿಸುವ ನನ್ನ ಕೆಲಸದ ನಡುವೆ ಇದನ್ನು ಓದಿದ ದಿನ ಬ್ಲೇಡನ್ನು ಕೆಳಗಿಟ್ಟೆ; ಮತ್ತೆ ಎತ್ತಿಕೊಳ್ಳಲು ಒಂದು ವಾರ ಹಿಡಿಯಿತು.

ಮೊದಲ ಆಟದಲ್ಲಿ ನಿಯಮಗಳೇ ತೊಂದರೆ ಕೊಟ್ಟವು. ನಾವು ಬಳಸಿದ ನಿಯಮಗಳಲ್ಲಿ ‘ಸ್ಥಳೀಯ ಪಡೆ’ ಎಂದರೆ ಗುಂಡು ಹಾರಿಸುವುದರಲ್ಲಿ ಕಳಪೆ, ನುಗ್ಗುವುದರಲ್ಲಿ ಗಟ್ಟಿ ಎಂದು ಮೊದಲೇ ನಿಗದಿಯಾಗಿತ್ತು. ತೊಂಬತ್ತು ಬಂದೂಕುಗಳನ್ನು ಮೂತಿ ಮುಂದಿಟ್ಟು ನಿಲ್ಲಿಸಿದ್ದೇನೆ, ಅವು ಸುಡಲಾರವು ಎಂದರೆ ಹೇಗೆ? ಎದುರಾಳಿಯ ಒಪ್ಪಿಗೆ ಪಡೆದು ಗುಂಡಿನ ಅಂಕವನ್ನು ಅಸ್ಕರಿಗಳದ್ದಕ್ಕಿಂತ ಒಂದೇ ಮೆಟ್ಟಿಲು ಕೆಳಗಿಟ್ಟು, ಮದ್ದುಗುಂಡು ಮುಗಿಯುವ ಅಪಾಯವೊಂದನ್ನು ಸೇರಿಸಿದೆವು. ಆ ಬದಲಾವಣೆಯ ನಂತರದ ಆಟದಲ್ಲಿ ಫಿತಾವ್ರಾರಿ ಮೂರನೇ ಸರದಿಯಲ್ಲೇ ಸತ್ತ. ಅಡ್ವಾದಲ್ಲೂ ಫಿತಾವ್ರಾರಿ ಗೆಬೆಯೆಹು ಮುಂದೆ ನಿಂತು ಕಾದಾಡುತ್ತಲೇ ಸತ್ತಿದ್ದ. ಆದರೂ ಏಳನೇ ಸರದಿಗೆ ಗುಡ್ಡ ನಮ್ಮದಾಯಿತು.

ಈಗ ಉಳಿದಿರುವುದು ಚಕ್ರವರ್ತಿಯ ಕೆಂಪು ಡೇರೆ. ಬಟ್ಟೆಗೆ ಹಳೆಯ ಕರ್ಚೀಪು ಸಿಕ್ಕಿದೆ, ಬಣ್ಣವೂ ಹಿಡಿದಿದೆ. ಕಂಬಗಳಿಗೆ ಏನು ಮಾಡಲಿ ಎಂದು ಅಂಗಡಿಯಲ್ಲಿ ಬಿದಿರುಕಡ್ಡಿ ನೋಡಿ ಬಂದೆ, ದಪ್ಪವಾಯಿತು. ನಿನ್ನೆ ರಾತ್ರಿ ಡಬ್ಬಿಯನ್ನು ಮೇಜಿನ ಮೇಲೆ ಸುರಿದು, ನೆಟ್ಟಗಿರುವ ಈಟಿಗಳನ್ನು ಆರಿಸಿ, ಮೊನೆಗಳನ್ನು ಕತ್ತರಿಸಿ, ಎರಡೆರಡನ್ನು ಸೇರಿಸಿ ಅಂಟಿಸಿಟ್ಟಿದ್ದೇನೆ. ಬೆಳಿಗ್ಗೆ ನೋಡಿದರೆ ಹನ್ನೆರಡರಲ್ಲಿ ಹತ್ತು ನೇರವಾಗಿ ನಿಂತಿವೆ.